ಪಿಸ್ತೂಲ್ ಲೈಸೆನ್ಸ್‌ಗೆ ಅರ್ಜಿ ಹಾಕಿದ್ರೆ ಪೊಲೀಸರು ಏನೇನು ನೋಡ್ತಾರೆ? ಪೂರ್ತಿ ಮಾಹಿತಿ ಇಲ್ಲಿದೆ

ಚಿಕ್ಕಮಗಳೂರು: ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ಹೊಸದೇನಲ್ಲ. ಹಂದಿ, ಕಾಟಿ, ಆನೆ ಕಾಟಕ್ಕೆ ಅಂತ ಅಜ್ಜನ ಕಾಲದಿಂದ ಗೋಡೆಗೆ ನೇತು ಹಾಕಿದ ಒಂಟಿ ನಳಿಕೆ, ಜೋಡು ನಳಿಕೆ ಕೋವಿ ಇರುವ ಮನೆ ಬೇಕಾದಷ್ಟಿವೆ. ಆದರೆ ಪಿಸ್ತೂಲ್, ರಿವಾಲ್ವರ್ ಲೆಕ್ಕಾಚಾರ ಬೇರೆ. ಅದು ಹಂದಿ ಓಡಿಸೋಕೆ ಅಲ್ಲ. ಸೊಂಟದಲ್ಲಿ ಇಟ್ಟುಕೊಂಡು ಪೇಟೆಗೆ ಹೋಗಬಹುದಾದ ಆಯುಧ ಅದು. ಹಾಗಾಗಿ ಅರ್ಜಿ ಹಾಕಿದ ಮನುಷ್ಯ ಎಂಥವನು ಅನ್ನೋ ಪ್ರಶ್ನೆ ಇಲ್ಲಿ ದೊಡ್ಡದಾಗುತ್ತೆ.

'ದುಡ್ಡು ಕೊಟ್ರೆ ಲೈಸೆನ್ಸ್ ಸಿಗುತ್ತೆ', 'ಎಂಎಲ್‌ಎ ಲೆಟರ್ ಇದ್ರೆ ಸಾಕು', 'ಒಂದು ಕೇಸ್ ಇದ್ರೂ ಜನ್ಮದಲ್ಲಿ ಸಿಗಲ್ಲ' ಅಂತೆಲ್ಲ ಊರಲ್ಲಿ ಮಾತು ಓಡಾಡುತ್ತವೆ. ಕಾನೂನಿನಲ್ಲಿ ಇರೋದು ಈ ಮೂರೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು, ಪೊಲೀಸರು ಏನು ವರದಿ ಮಾಡಬೇಕು, ಇಲ್ಲ ಅಂದರೆ ಯಾಕೆ ಇಲ್ಲ ಅಂತ ಹೇಗೆ ಹೇಳಬೇಕು ಅನ್ನೋದೆಲ್ಲ ಬರೆದಿದೆ.

ಮೊದಲು ಒಂದು ವಿಷಯ: ಇದು ಹಕ್ಕಲ್ಲ

ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳೋದು ಮೂಲಭೂತ ಹಕ್ಕಲ್ಲ. 2023ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಲೈಸೆನ್ಸ್ ಇಲ್ಲದ ಬಂದೂಕಿನ ಕೇಸೊಂದು ಬಂದಾಗ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿಯೇ ಹೇಳಿತು. ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ನಮ್ಮ ರಾಜ್ಯದವರೇ ಆದ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ದರು. ಅಮೆರಿಕದ ಸಂವಿಧಾನದಲ್ಲಿ ಇರುವಂಥ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲ ಅನ್ನೋದು ಪೀಠದ ಮಾತಿನ ಸಾರ.

ಹಾಗಾಗಿ 'ನನಗೆ ಬೇಕು, ಕೊಡಿ' ಅನ್ನೋಕೆ ಬರಲ್ಲ. ಯಾಕೆ ಬೇಕು ಅಂತ ಅರ್ಜಿದಾರನೇ ತೋರಿಸಬೇಕು. ಆದರೆ ಇನ್ನೊಂದು ಮಾತೂ ಇದೆ. ಹಕ್ಕಲ್ಲ ಅಂದ ಮಾತ್ರಕ್ಕೆ ಅಧಿಕಾರಿ ಮನಸ್ಸಿಗೆ ಬಂದ ಹಾಗೆ ತಿರಸ್ಕರಿಸೋಕೂ ಬರಲ್ಲ. ಅರ್ಜಿಯನ್ನು ಕಾನೂನಿನ ಪ್ರಕಾರ ಪರಿಶೀಲಿಸಲೇಬೇಕು.

ಅರ್ಜಿ ಎಲ್ಲಿಗೆ, ಹೇಗೆ?

ಸಾಮಾನ್ಯ ಬೋರಿನ ಪಿಸ್ತೂಲ್, ರಿವಾಲ್ವರ್‌ಗೆ ಲೈಸೆನ್ಸ್ ಕೊಡೋದು ಜಿಲ್ಲಾ ದಂಡಾಧಿಕಾರಿ, ಅಂದರೆ ನಮ್ಮ ಡಿಸಿ. ಪೊಲೀಸ್ ಕಮಿಷನರೇಟ್ ಇರುವ ಬೆಂಗಳೂರಿನಂಥ ನಗರದಲ್ಲಿ ಆ ಅಧಿಕಾರ ಕಮಿಷನರ್ ಕೈಯಲ್ಲಿದೆ. ಜನಸಾಮಾನ್ಯರು ಹೆಚ್ಚಾಗಿ ತಗೊಳ್ಳೋದು ಪಾಯಿಂಟ್ 32 ಬೋರಿನದು. 9 ಎಂಎಂ ಪಿಸ್ತೂಲ್ ನಿಷೇಧಿತ ಬೋರಿನ ಪಟ್ಟಿಯಲ್ಲಿದೆ. ಅದರ ತೀರ್ಮಾನ ಕೇಂದ್ರ ಗೃಹ ಸಚಿವಾಲಯದ್ದು.

ಅರ್ಜಿ 'ಎ-1' ನಮೂನೆಯಲ್ಲಿ ಇರಬೇಕು. ಫೋಟೋ, ಹುಟ್ಟಿದ ದಿನಾಂಕದ ದಾಖಲೆ, ಗುರುತಿನ ಮತ್ತು ವಿಳಾಸದ ದಾಖಲೆ ಜೊತೆಗೆ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಎಲ್ಲ ವಿವರ ರಾಷ್ಟ್ರೀಯ ಶಸ್ತ್ರಾಸ್ತ್ರ ಲೈಸೆನ್ಸ್ ದತ್ತಾಂಶಕ್ಕೆ, ಅಂದರೆ 'ಎನ್‌ಡಿಎಎಲ್'ಗೆ ಸೇರುತ್ತೆ. ಲೈಸೆನ್ಸ್ ಆದವರಿಗೆ ಯುಐಎನ್ ಅಂತ ಒಂದು ನಂಬರ್ ಬರುತ್ತೆ. ಹಿಂದೆ ಒಂದು ಜಿಲ್ಲೆಯಲ್ಲಿ ಅರ್ಜಿ ವಜಾ ಆದರೆ ಇನ್ನೊಂದು ಜಿಲ್ಲೆಗೆ ಹೋಗಿ ಹಾಕುವ ಚಾಳಿ ಇತ್ತು. ಈಗ ದೇಶದ ಲೆಕ್ಕ ಒಂದೇ ಕಡೆ ಇರೋದರಿಂದ ಅದು ಸುಲಭ ಅಲ್ಲ.

ನಮೂನೆಯಲ್ಲೇ ಕೇಳುವ ಪ್ರಶ್ನೆಗಳು

ಪೊಲೀಸರು ಮನೆಗೆ ಬರೋಕೆ ಮೊದಲೇ ಅರ್ಜಿದಾರ ತನ್ನ ಬಗ್ಗೆ ತಾನೇ ಬರೆದುಕೊಡಬೇಕಾದ ವಿಷಯಗಳಿವೆ. ಯಾವುದಾದರೂ ಕೇಸಿನಲ್ಲಿ ಶಿಕ್ಷೆ ಆಗಿದೆಯಾ? ಶಾಂತಿ ಕಾಪಾಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡೋಕೆ ಆದೇಶ ಆಗಿದೆಯಾ? ಮೊದಲು ಲೈಸೆನ್ಸ್‌ಗೆ ಅರ್ಜಿ ಹಾಕಿ ತಿರಸ್ಕಾರ ಆಗಿದೆಯಾ? ಇದ್ದ ಲೈಸೆನ್ಸ್ ಯಾವತ್ತಾದರೂ ಅಮಾನತು, ರದ್ದು ಆಗಿತ್ತಾ? ಮನೆಯಲ್ಲಿ ಬೇರೆ ಯಾರ ಹೆಸರಲ್ಲಾದರೂ ಬಂದೂಕು ಇದೆಯಾ? ಆಯುಧ ಭದ್ರವಾಗಿ ಇಡೋಕೆ ಜಾಗ ಇದೆಯಾ?

ಬಹಳ ಜನ ಎಡವೋದು ಇಲ್ಲೇ. ಹತ್ತು ವರ್ಷದ ಹಿಂದೆ ಜಾತ್ರೆಯಲ್ಲಿ ಆದ ಹೊಡೆದಾಟದ ಕೇಸು, ಅದು ಖುಲಾಸೆ ಆಗಿದ್ರೂ, ಬರೆಯೋಕೆ ಹೆದರಿ 'ಇಲ್ಲ' ಅಂತ ಟಿಕ್ ಹಾಕಿ ಬಿಡ್ತಾರೆ. ಸ್ಟೇಷನ್ ದಾಖಲೆಯಲ್ಲಿ ಅದು ಇದ್ದೇ ಇರುತ್ತೆ. ಮುಖ್ಯ ಮಾಹಿತಿ ಮುಚ್ಚಿಟ್ಟು ಅಥವಾ ಸುಳ್ಳು ಹೇಳಿ ಪಡೆದ ಲೈಸೆನ್ಸನ್ನು ಯಾವಾಗ ಬೇಕಾದರೂ ರದ್ದು ಮಾಡೋಕೆ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಖುಲಾಸೆ ಆದ ಕೇಸಿಗಿಂತ ಮುಚ್ಚಿಟ್ಟ ಕೇಸೇ ಕೊನೆಗೆ ಮುಳುವಾಗುತ್ತೆ.

ಯಾರಿಗೆ ಕೊಡಲೇಬಾರದು?

ಕಾಯ್ದೆಯ 9 ಮತ್ತು 14ನೇ ಸೆಕ್ಷನ್ ಇದನ್ನು ಹೇಳುತ್ತವೆ.

* 21 ವರ್ಷ ತುಂಬದವರಿಗೆ ಇಲ್ಲ. ಶೂಟಿಂಗ್ ಕ್ರೀಡೆಯ ಅಭ್ಯಾಸಕ್ಕೆ ಮಾತ್ರ ಬೇರೆ ನಿಯಮ ಇದೆ.
* ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧದಲ್ಲಿ ಜೈಲು ಶಿಕ್ಷೆ ಆದವರಿಗೆ, ಶಿಕ್ಷೆ ಮುಗಿದ ಮೇಲೂ 5 ವರ್ಷ ಇಲ್ಲ.
* ಶಾಂತಿ ಅಥವಾ ಸನ್ನಡತೆಯ ಬಾಂಡ್ ಬರೆದುಕೊಟ್ಟವರಿಗೆ, ಆ ಬಾಂಡ್ ಅವಧಿ ಮುಗಿಯುವ ತನಕ ಇಲ್ಲ.
* ಮಾನಸಿಕ ಸ್ವಾಸ್ಥ್ಯ ಇಲ್ಲದವರು ಅಂತ ಕಂಡುಬಂದರೆ ಇಲ್ಲ.
* ಬೇರೆ ಯಾವುದೇ ಕಾರಣಕ್ಕೆ 'ಯೋಗ್ಯರಲ್ಲ' ಅಂತ ಅಧಿಕಾರಿಗೆ ಅನ್ನಿಸಿದರೆ, ಅಥವಾ ಸಾರ್ವಜನಿಕ ಶಾಂತಿಗೆ ಧಕ್ಕೆ ಅಂತ ಕಂಡರೆ ತಿರಸ್ಕರಿಸಬಹುದು. ಆದರೆ ಕಾರಣ ಬರೆಯಬೇಕು.

ಮೂರನೇದನ್ನು ನಮ್ಮ ಕಡೆ ಜನ 'ನೂರಾ ಏಳು', 'ನೂರಾ ಹತ್ತು' ಅಂತ ಕರೀತಾರೆ. ಚುನಾವಣೆ, ಗಣಪತಿ ವಿಸರ್ಜನೆ ಬಂತು ಅಂದರೆ ಮುನ್ನೆಚ್ಚರಿಕೆಗೆ ಅಂತ ತಹಸೀಲ್ದಾರ್ ಮುಂದೆ ನಿಲ್ಲಿಸಿ ಬಾಂಡ್ ಬರೆಸಿಕೊಳ್ಳೋದು ಇದೇ. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಆ ಸೆಕ್ಷನ್‌ಗಳ ನಂಬರ್ 126 ಮತ್ತು 129 ಆಗಿದೆ. 'ಅದೇನು ದೊಡ್ಡ ಕೇಸಾ, ಬರೀ ಸಹಿ ಹಾಕಿ ಬಂದೆ' ಅಂತ ಮರೆತವರಿಗೆ ಲೈಸೆನ್ಸ್ ಅರ್ಜಿ ಹಾಕಿದಾಗ ಅದು ಎದುರಿಗೆ ಬಂದು ನಿಲ್ಲುತ್ತೆ.

ಆಸ್ತಿ ವಿಷಯದಲ್ಲೂ ತಪ್ಪು ತಿಳಿವಳಿಕೆ ಇದೆ. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಅಂತ 14ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ. ಬಂದೂಕು ಶ್ರೀಮಂತರ ಸೊತ್ತು ಅನ್ನೋದು ಊರಿನ ಮಾತು, ಕಾನೂನಿನದ್ದಲ್ಲ.

ಸ್ಟೇಷನ್‌ನಲ್ಲಿ ನಡೆಯೋ ಪರಿಶೀಲನೆ

ಡಿಸಿ ಆಫೀಸಿಗೆ ಬಿದ್ದ ಅರ್ಜಿ ಎಸ್‌ಪಿ ಕಚೇರಿ ಮೂಲಕ ಇಳಿದು ಅರ್ಜಿದಾರ ವಾಸ ಇರುವ ಜಾಗದ ಠಾಣೆಗೆ ಬರುತ್ತೆ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಹತ್ತಿರದ ಠಾಣಾಧಿಕಾರಿಯ ವರದಿ ಕೇಳಲೇಬೇಕು. ವರದಿ ಅದೇ ದಾರಿಯಲ್ಲಿ ಮೇಲೆ ಹೋಗುತ್ತೆ.

ಠಾಣೆಯವರು ಮೊದಲು ನೋಡೋದು ದಾಖಲೆ. ಎಫ್‌ಐಆರ್, ಎನ್‌ಸಿ ದೂರು, ರೌಡಿ ಶೀಟ್, ಕೋರ್ಟಿನಲ್ಲಿ ಬಾಕಿ ಇರುವ ಕೇಸು. ಆಮೇಲೆ ಬೀಟ್ ಪೊಲೀಸರು ಊರಿಗೆ ಬರ್ತಾರೆ. ವಿಳಾಸ ನಿಜವಾ, ಎಷ್ಟು ವರ್ಷದಿಂದ ಇದ್ದಾರೆ, ಏನು ಕೆಲಸ, ಕುಡಿದು ಗಲಾಟೆ ಮಾಡ್ತಾರಾ, ಮನೆಯಲ್ಲಿ ಜಗಳ ಇದೆಯಾ, ಅಕ್ಕಪಕ್ಕದವರ ಜೊತೆ ಹೇಗಿದ್ದಾರೆ ಅಂತ ವಿಚಾರಿಸ್ತಾರೆ. ಅಕ್ಕಪಕ್ಕದ ಒಂದಿಬ್ಬರ ಹೇಳಿಕೆ ಬರೆದುಕೊಳ್ಳೋದೂ ಉಂಟು.

ಇನ್ನು ಪಿಸ್ತೂಲ್ ಅರ್ಜಿಯಲ್ಲಿ ಅತಿ ಹೆಚ್ಚು ತೂಕ ಇರೋದು 'ಜೀವಭಯ' ಅನ್ನೋ ಕಾರಣಕ್ಕೆ. ಯಾರಿಂದ ಭಯ, ಯಾಕೆ ಭಯ, ಮೊದಲು ದೂರು ಕೊಟ್ಟಿದ್ದಾರಾ ಅಂತ ಪೊಲೀಸರು ಕೇಳ್ತಾರೆ. ವ್ಯಾಪಾರ, ವೃತ್ತಿ ಅಥವಾ ಬೇರೆ ಪರಿಸ್ಥಿತಿಯಿಂದ ಜೀವ ಅಥವಾ ಆಸ್ತಿ ಕಾಪಾಡಿಕೊಳ್ಳುವ ನಿಜವಾದ ಅಗತ್ಯ ಇದೆಯಾ ಅಂತ ನೋಡಬೇಕು ಅನ್ನೋದು 2016ರ ನಿಯಮದಲ್ಲಿದೆ. ದಿನಾ ನಗದು ಸಾಗಿಸೋ ವ್ಯಾಪಾರಿ, ಒಂಟಿ ಎಸ್ಟೇಟ್ ಮನೆಯಲ್ಲಿ ಇರುವವರು ಅದನ್ನು ವಿವರಿಸಬಹುದು.

ಆದರೆ ಜಮೀನು ತಕರಾರಿನ ಕಾರಣ ಕೊಟ್ಟರೆ ಅದು ಎರಡೂ ಕಡೆ ಕೊಯ್ಯುವ ಕತ್ತಿ. ಪಕ್ಕದ ತೋಟದವರ ಜೊತೆ ಬೇಲಿ ಜಗಳ ಇದೆ, ಅವರಿಂದ ಬೆದರಿಕೆ ಇದೆ ಅಂದರೆ ಅರ್ಜಿದಾರನಿಗೆ ಅದು ಕಾರಣ. ಠಾಣೆಯವರ ಕಣ್ಣಿಗೆ ಅದೇ ಅಪಾಯ. ಜಗಳ ಕಾದಿರುವ ಬೇಲಿಯ ಒಂದು ಬದಿಗೆ ಸರ್ಕಾರವೇ ರಿವಾಲ್ವರ್ ಕೊಟ್ಟ ಹಾಗೆ ಆಗುತ್ತಲ್ಲ ಅನ್ನೋ ಯೋಚನೆ ವರದಿಯಲ್ಲಿ ಬಂದರೆ ಆಶ್ಚರ್ಯ ಇಲ್ಲ.

ಮನಸ್ಸಿನ ಆರೋಗ್ಯ ಮತ್ತು ತರಬೇತಿ

2016ರ ನಿಯಮಗಳು ಬಂದ ಮೇಲೆ ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ. ಕಣ್ಣು, ಕೈ ಸರಿ ಇದೆ ಅಂತ ಬರೆದರೆ ಸಾಲದು. ಮಾನಸಿಕ ಆರೋಗ್ಯದ ಬಗ್ಗೆ, ಕುಡಿತ ಅಥವಾ ಮಾದಕ ವಸ್ತುವಿನ ಚಟದ ಬಗ್ಗೆ ವೈದ್ಯರು ನಿರ್ದಿಷ್ಟವಾಗಿ ಬರೆಯಬೇಕು. ಬಂದೂಕು ಹಿಡಿಯೋದು, ಸುರಕ್ಷಿತವಾಗಿ ಇಡೋದು, ಒಯ್ಯೋದು ಗೊತ್ತಿದೆ ಅನ್ನೋದಕ್ಕೆ ತರಬೇತಿ ಪ್ರಮಾಣಪತ್ರವನ್ನೂ ನಿಯಮ ಕೇಳುತ್ತೆ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳಿಗೆ ಬೇಡಿಕೆ ಇರೋದಕ್ಕೆ ಇದೂ ಒಂದು ಕಾರಣ.

ಅಭಯಾರಣ್ಯದ 10 ಕಿ.ಮೀ. ಒಳಗೆ ಇನ್ನೊಂದು ಗೇಟು

ನಮ್ಮ ಜಿಲ್ಲೆಯವರು ಗಮನಿಸಲೇಬೇಕಾದ ವಿಷಯ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಅಭಯಾರಣ್ಯದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಮುಂಚಿತ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಭದ್ರಾ, ಕುದುರೆಮುಖ ಎರಡೂ ಇರುವ ಜಿಲ್ಲೆಯಲ್ಲಿ ಎಷ್ಟೋ ಊರುಗಳು ಈ ವೃತ್ತದೊಳಗೆ ಬರುತ್ತವೆ. ಪೊಲೀಸ್ ವರದಿ ಒಳ್ಳೇದಿದ್ದರೂ ಫೈಲು ಅರಣ್ಯ ಇಲಾಖೆಯ ಒಪ್ಪಿಗೆಗೆ ಕಾಯೋದು ಇದರಿಂದಲೇ.

ಜೊತೆಗೆ ಇನ್ನೊಂದು ಮಾತು. ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಸಿಕ್ಕಿದೆ ಅಂದರೆ ಕಾಡುಪ್ರಾಣಿ ಹೊಡೆಯೋಕೆ ಅನುಮತಿ ಸಿಕ್ಕಿದೆ ಅಂತ ಅರ್ಥ ಅಲ್ಲ. ಅವೆರಡೂ ಬೇರೆ ಬೇರೆ ಕಾನೂನು.

ಎಷ್ಟು ದಿನ? ಇಲ್ಲ ಅಂದರೆ ಏನು ಮಾಡಬೇಕು?

ಪೊಲೀಸ್ ವರದಿಗೆ ನಿಯಮದಲ್ಲಿ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ ಇದೆ. ವರದಿ ಸಮಯಕ್ಕೆ ಬರದಿದ್ದರೆ ಅದಕ್ಕೆ ಕಾಯದೆ ಆದೇಶ ಮಾಡೋಕೂ ಲೈಸೆನ್ಸ್ ಅಧಿಕಾರಿಗೆ 13ನೇ ಸೆಕ್ಷನ್ ಅಧಿಕಾರ ಕೊಡುತ್ತೆ. ಆದರೆ ಪಿಸ್ತೂಲಿನ ವಿಷಯದಲ್ಲಿ ವರದಿ ಇಲ್ಲದೆ ಸಹಿ ಹಾಕೋಕೆ ಯಾವ ಅಧಿಕಾರಿಯೂ ಸುಲಭಕ್ಕೆ ಮುಂದಾಗಲ್ಲ. ಫೈಲು ಎಲ್ಲಿದೆ ಅಂತ ಬೆನ್ನು ಹತ್ತಬೇಕಾದ್ದು ಅರ್ಜಿದಾರನೇ.

ತಿರಸ್ಕಾರ ಆದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಕೇಳಿದರೆ ಅದರ ಸಂಕ್ಷಿಪ್ತ ವಿವರ ಕೊಡಬೇಕು. ಕೊಟ್ಟರೆ ಸಾರ್ವಜನಿಕ ಹಿತಕ್ಕೆ ಧಕ್ಕೆ ಅನ್ನಿಸಿದ ಸಂದರ್ಭದಲ್ಲಿ ಮಾತ್ರ ಕೊಡದೇ ಇರಬಹುದು. ಆದೇಶದ ಮೇಲೆ 18ನೇ ಸೆಕ್ಷನ್ ಅಡಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. 'ಪೊಲೀಸ್ ವರದಿ ಪೂರಕವಾಗಿಲ್ಲ' ಅಂತ ಒಂದೇ ಸಾಲು ಬರೆದು ಮುಗಿಸಿದ ಆದೇಶ ಮೇಲ್ಮನವಿಯಲ್ಲಿ ನಿಲ್ಲೋದು ಕಷ್ಟ. ಕೇಸು ಬಾಕಿ ಇದೆ ಅನ್ನೋದೊಂದನ್ನೇ ಹಿಡಿದು ಲೈಸೆನ್ಸ್ ರದ್ದು ಮಾಡೋದು ಸರಿಯಲ್ಲ ಅಂತ ಅಲಹಾಬಾದ್ ಹೈಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಕೇಸು ಎಂಥದ್ದು, ಅದರಿಂದ ಸಾರ್ವಜನಿಕ ಶಾಂತಿಗೆ ಏನು ತೊಂದರೆ ಅನ್ನೋದನ್ನು ಅಧಿಕಾರಿ ತೋರಿಸಬೇಕು.

ಅಜ್ಜನ ಕೋವಿ ಮೊಮ್ಮಗನಿಗೆ ತಾನಾಗಿ ಬರಲ್ಲ

ಮನೆ ಯಜಮಾನರು ತೀರಿಕೊಂಡ ಮೇಲೆ ಕೋವಿ ಅಟ್ಟದ ಮೇಲೆ ಹಾಗೇ ಉಳಿಯೋದು ನಮ್ಮ ಕಡೆ ಮಾಮೂಲು. ಇದು ದೊಡ್ಡ ಅಪಾಯ. ಲೈಸೆನ್ಸ್ ಮನುಷ್ಯನ ಹೆಸರಿಗೆ, ಮನೆಗಲ್ಲ. ಯಜಮಾನರು ಹೋದ ಮೇಲೆ ಆಯುಧವನ್ನು ತಡ ಮಾಡದೆ ಠಾಣೆಯಲ್ಲೋ, ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಠೇವಣಿ ಇಡಬೇಕು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿ ನಂತರ ಕನಿಷ್ಠ 2 ವರ್ಷದಿಂದ 5 ವರ್ಷದ ತನಕ ಜೈಲು.

ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳೋಕೆ ನಿಯಮ ಇದೆ. ಲೈಸೆನ್ಸ್‌ದಾರರು ಬದುಕಿದ್ದಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಆಯುಧ 25 ವರ್ಷದಿಂದ ಅವರ ಹತ್ತಿರ ಇದ್ದರೆ, ವಾರಸುದಾರರಿಗೆ ಕೊಡೋಕೆ ಅರ್ಜಿ ಹಾಕಬಹುದು. ಆದರೆ ಅಪ್ಪನಿಗೆ ಇತ್ತು ಅಂತ ಮಗನಿಗೆ ಪರಿಶೀಲನೆ ತಪ್ಪಲ್ಲ. ಮಗನ ಕೇಸು, ಮಗನ ಆರೋಗ್ಯ, ಮಗನ ನಡತೆ ಎಲ್ಲ ಹೊಸದಾಗಿ ನೋಡ್ತಾರೆ. ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ ಅನ್ನೋದೂ 2019ರ ತಿದ್ದುಪಡಿಯಲ್ಲೇ ಬಂದಿದೆ. ಮೊದಲು ಮೂರು ಇತ್ತು.

ಕೊಡಗು, ಅಮೆರಿಕ: ಅಲ್ಲಿ ಹೇಗೆ?

'ಕೊಡಗಿನವರಿಗೆ ಲೈಸೆನ್ಸ್ ಬೇಡ, ನಮಗ್ಯಾಕೆ ಬೇಕು' ಅನ್ನೋ ಪ್ರಶ್ನೆ ಯಾವಾಗಲೂ ಬರುತ್ತೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ನಮ್ಮ ಹೈಕೋರ್ಟ್ ವಜಾ ಮಾಡಿತು. ಬೇರೆ ಜಿಲ್ಲೆಯವರು ಅದನ್ನು ತೋರಿಸಿ ಲೈಸೆನ್ಸ್ ಕೇಳೋಕೆ ಬರಲ್ಲ.

ಅಮೆರಿಕದಲ್ಲಿ 1993ರ ಬ್ರೇಡಿ ಕಾಯ್ದೆಯ ನಂತರ, 1998ರಿಂದ ಎಫ್‌ಬಿಐ ನಡೆಸುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅಂಗಡಿಯವರೇ ಗಿರಾಕಿಯ ಹಿನ್ನೆಲೆ ಪರಿಶೀಲನೆ ಮಾಡಿಸ್ತಾರೆ. ಹೆಚ್ಚಿನವು ನಿಮಿಷಗಳಲ್ಲೇ ಮುಗಿಯುತ್ತವೆ. ನ್ಯೂಯಾರ್ಕ್ ರಾಜ್ಯದಲ್ಲಿ ಪಿಸ್ತೂಲ್ ಹೊರಗೆ ಒಯ್ಯೋಕೆ ವಿಶೇಷ ಕಾರಣ ತೋರಿಸಬೇಕಿತ್ತು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. ಕೂಡಲೇ ಆ ರಾಜ್ಯ ಹೊಸ ಕಾನೂನು ಮಾಡಿ, ಅರ್ಜಿದಾರನ ನಡತೆ ಬಗ್ಗೆ ಹೇಳೋಕೆ ನಾಲ್ಕು ಜನರ ಹೆಸರು ಕೊಡಬೇಕು, 18 ಗಂಟೆ ತರಬೇತಿ ಪಡೀಬೇಕು ಅಂತ ಮಾಡಿತು. ಕಂಪ್ಯೂಟರ್ ಎಷ್ಟೇ ಚುರುಕಾದರೂ ಮನುಷ್ಯನ ನಡತೆ ಹೇಳೋಕೆ ಹತ್ತಿರದವರೇ ಬೇಕು ಅನ್ನೋದು ಅಲ್ಲೂ ಉಳಿದಿದೆ.

ಲೈಸೆನ್ಸ್ ಸಿಕ್ಕ ಮೇಲೆ ನೋಡೋರು ಯಾರು?

ಈ ಇಡೀ ವ್ಯವಸ್ಥೆಯ ಬಲಹೀನ ಜಾಗ ಇದೇ. 2019ಕ್ಕೆ ಮೊದಲು 3 ವರ್ಷಕ್ಕೊಮ್ಮೆ ನವೀಕರಣ ಇತ್ತು. ಈಗ 5 ವರ್ಷ. ನವೀಕರಣದ ಹೊತ್ತಿಗೆ ಮತ್ತೆ ಪರಿಶೀಲನೆ ಆಗುತ್ತೆ ಸರಿ. ನಡುವಿನ 5 ವರ್ಷದಲ್ಲಿ ಸಾಲ ಮೈಮೇಲೆ ಬರಬಹುದು, ಕುಡಿತ ಹಿಡಿಯಬಹುದು, ಮನಸ್ಸು ಕುಗ್ಗಬಹುದು, ಅಣ್ಣತಮ್ಮಂದಿರ ಪಾಲಿನ ಜಗಳ ತಾರಕಕ್ಕೆ ಹೋಗಬಹುದು. ಅರ್ಜಿ ಹಾಕಿದ ದಿನ ವೈದ್ಯರು ಕೊಟ್ಟ ಪ್ರಮಾಣಪತ್ರಕ್ಕೆ ಇದ್ಯಾವುದೂ ಗೊತ್ತಿರಲ್ಲ. ಗೊತ್ತಿರೋದು ಮನೆಯವರಿಗೆ, ಪಕ್ಕದ ಮನೆಯವರಿಗೆ.

ಚುನಾವಣೆ ಬಂದಾಗ ಮಾತ್ರ ಒಂದು ಸುತ್ತು ಪರಿಶೀಲನೆ ನಡೆಯುತ್ತೆ. ಜಿಲ್ಲಾ ಮಟ್ಟದ ಸ್ಕ್ರೀನಿಂಗ್ ಸಮಿತಿ ಜಾಮೀನಿನ ಮೇಲೆ ಇರುವವರು, ಅಪರಾಧ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರನ್ನು ಗುರುತಿಸಿ ಆಯುಧ ಠೇವಣಿ ಇಡಿಸಬೇಕು. ಫಲಿತಾಂಶ ಬಂದ ಮೇಲೆ ಅದು ವಾಪಸ್ ಮನೆಗೆ.

ಆದರೆ ಚುನಾವಣೆಗೆ ಕಾಯಬೇಕಿಲ್ಲ. ಲೈಸೆನ್ಸ್‌ದಾರ ಯೋಗ್ಯನಾಗಿ ಉಳಿದಿಲ್ಲ ಅಂತ ಕಂಡರೆ ಯಾವಾಗ ಬೇಕಾದರೂ ಅಮಾನತು ಅಥವಾ ರದ್ದು ಮಾಡೋ ಅಧಿಕಾರ 17ನೇ ಸೆಕ್ಷನ್‌ನಲ್ಲಿ ಡಿಸಿಗೆ ಇದೆ. ಮನೆಯವರೇ ಠಾಣೆಗೋ, ಎಸ್‌ಪಿಗೋ, ಡಿಸಿಗೋ ಲಿಖಿತವಾಗಿ ತಿಳಿಸಬಹುದು. ಗಂಡನ ಮೇಲೆ, ಅಣ್ಣನ ಮೇಲೆ ದೂರು ಕೊಟ್ಟ ಹಾಗಾಗುತ್ತಲ್ಲ ಅಂತ ಹಿಂಜರಿಕೆ ಇದ್ದೇ ಇರುತ್ತೆ. ಹಾಗಿದ್ದರೆ ಲೈಸೆನ್ಸ್‌ದಾರರನ್ನೇ ಒಪ್ಪಿಸಿ ಸ್ವಲ್ಪ ದಿನ ಠಾಣೆಯಲ್ಲಿ ಅಥವಾ ಡೀಲರ್ ಹತ್ತಿರ ಇಡಿಸೋ ದಾರಿಯೂ ಇದೆ. ಮನಸ್ಸು ತಿಳಿಯಾದ ಮೇಲೆ ಆಯುಧ ವಾಪಸ್ ತರಬಹುದು, ಹೋದ ಜೀವ ತರೋಕಾಗಲ್ಲ.

ಅರ್ಜಿ ಹಾಕೋ ಮೊದಲು ಇಷ್ಟು ನೋಡಿಕೊಳ್ಳಿ

* ಹಳೇ ಕೇಸು ಇದ್ದರೆ ಅದರ ತೀರ್ಪಿನ ನಕಲು ತೆಗೆದಿಟ್ಟುಕೊಂಡು ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಡಬೇಡಿ.
* ಬಾಂಡ್ ಬರೆದುಕೊಟ್ಟಿದ್ದರೆ ಅದರ ಅವಧಿ ಮುಗಿದಿದೆಯಾ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿ.
* ಬೆದರಿಕೆ ಇದ್ದರೆ ಮೊದಲು ಠಾಣೆಗೆ ದೂರು ಕೊಡಿ. ದೂರೇ ಇಲ್ಲದ ಜೀವಭಯಕ್ಕೆ ತೂಕ ಕಡಿಮೆ.
* ಊರು ಅಭಯಾರಣ್ಯದ 10 ಕಿ.ಮೀ. ಒಳಗಿದೆಯಾ ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.
* ಆಯುಧ ಇಡೋಕೆ ಬೀಗ ಇರುವ ಭದ್ರವಾದ ಜಾಗ ಮೊದಲೇ ಮಾಡಿಕೊಳ್ಳಿ. ಮಕ್ಕಳ ಕೈಗೆ ಸಿಗುವ ಬೀರು ಅದಲ್ಲ.
* ಮದುವೆ, ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ.

ಬೀಟ್ ಪೊಲೀಸರು ಪಕ್ಕದ ಮನೆಯವರ ಬಗ್ಗೆ ಕೇಳೋಕೆ ಬಂದಾಗ 'ಒಳ್ಳೇ ಜನ ಸಾರ್' ಅಂತ ಹೇಳಿ ಕಳಿಸೋದು ರೂಢಿ. ಪಾಸ್‌ಪೋರ್ಟ್ ವಿಚಾರಣೆಗೆ ಅದು ನಡೆಯಬಹುದು. ಪಿಸ್ತೂಲ್ ಲೈಸೆನ್ಸ್ ಅಂದಾಗ ಒಂದು ನಿಮಿಷ ಯೋಚಿಸಿ, ಗೊತ್ತಿರೋದನ್ನು ಗೊತ್ತಿರೋ ಹಾಗೆ ಹೇಳೋದು ಒಳ್ಳೇದು. ದ್ವೇಷಕ್ಕೆ ಇಲ್ಲದ್ದು ಸೇರಿಸೋದೂ ಬೇಡ, ದಾಕ್ಷಿಣ್ಯಕ್ಕೆ ಇದ್ದದ್ದು ಬಿಡೋದೂ ಬೇಡ.